ನನ್ನ ಬಯೋಡೇಟಾಕ್ಕಾಗಿ ಮಾವ ಬಸ್ಸು ಹತ್ತಿದ್ದು

ನನ್ನ ಸೋದರಮಾವ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಯಾರೂ ನಂಬುವುದಿಲ್ಲ. ನಂಬದವರದ್ದೇನೂ ತಪ್ಪಿಲ್ಲ ಬಿಡಿ! ಮಾವನನ್ನು ಕಂಪ್ಯೂಟರ್ ಮುಂದೆ ಕಂಡವರು ಶಿವಮೊಗ್ಗದಲ್ಲಿ ಬಹಳ ಕಮ್ಮಿ. ಕೆಲವರು ಅವರನ್ನು ಹೋಟೆಲಿನಲ್ಲಿ ತಟ್ಟೆ ಎತ್ತುವಾಗ ನೋಡಿದ್ದಾರೆ, ಕೆಲವರು ಮಾಚೇನಹಳ್ಳಿಯಲ್ಲಿ ಸುತ್ತಿಗೆ ಹಿಡಿದು ಕಬ್ಬಿಣ ಬಡಿಯುವಾಗ. ಅಪ್ಪನ ಜೊತೆ ಲೋಡಿಂಗ್ ಮಾಡುವವರೊಬ್ಬರು ಒಮ್ಮೆ ಭದ್ರಾವತಿಯ ನಮ್ಮ ಮನೆಗೇ ಬಂದು, "ನಿಮ್ಮ ಭಾಮೈದಂಗೆ ಇದ್ದ ಕೆಲ್ಸ ಹೋಯ್ತಂತಲ್ಲ, ಪಾಪ" ಅಂತ ಸಂತಾಪ ಹೇಳಿ, ಟೀ ಕುಡಿದು ಹೋದರು.

ಕೆಲಸ ಹೋಗಿರಲಿಲ್ಲ. ಅವರ ಕೆಲಸವೇ ಅದು! ವಿನೋಬನಗರದ ಹಿಟ್ಟಿನ ಗಿರಣಿಯೊಂದರ ಮೇಲಿನ ರೂಮಿನಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಮಾವ ಊರಿನ ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಾರೆ. ಆದರೆ ಅವರದೊಂದು ವ್ರತ ಇದೆ. ಯಾವ ಕೆಲಸಕ್ಕೆ ಪ್ರೋಗ್ರಾಂ ಬೇಕೋ ಆ ಕೆಲಸವನ್ನು ಮೊದಲು ತಾವೇ ಮಾಡಿ ನೋಡಬೇಕು. ಅಲ್ಲಿಯವರೆಗೆ ಒಂದಕ್ಷರ ಬರೆಯುವುದಿಲ್ಲ.

ಒಂದು ಕ್ಲಿನಿಕ್ಕಿನವರು ಟೋಕನ್ ವ್ಯವಸ್ಥೆ ಕೇಳಿದರು. ಮಾವ ಮೂರು ದಿನ ರೋಗಿಗಳ ನಡುವೆ ಬೆಂಚಿನ ಮೇಲೆ ಕೂತರು. ನಾಲ್ಕನೇ ದಿನ ಡಾಕ್ಟರೇ ಒಳಗೆ ಕರೆದರು.

"ಏನ್ರೀ ನಿಮ್ಮ ತೊಂದರೆ?"

"ಕಾಯೋದೇ ತೊಂದರೆ ಡಾಕ್ಟ್ರೇ. ಮೂರು ದಿನದಿಂದ ಕಾದು ನೋಡ್ತಿದೀನಿ."

ಡಾಕ್ಟರಿಗೆ ಅನುಮಾನ ಬಂದು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ನಿಜವಾಗಿಯೂ ಜಾಸ್ತಿ ಇತ್ತು! ಮಾವ ಮಾತ್ರೆ ಚೀಟಿ ಹಿಡಿದು ಹೊರಬಂದರು. ಆದರೆ ಆ ಬೆಂಚಿನ ಮೇಲೆ ಅವರು ಕಂಡುಕೊಂಡದ್ದೇನು ಗೊತ್ತೇ? ಎಲ್ಲಿ ತಮ್ಮ ನಂಬರ್ ಕರೆದುಬಿಡುತ್ತಾರೋ ಅಂತ ವಯಸ್ಸಾದವರು ಬಾತ್‌ರೂಮಿಗೂ ಏಳದೆ ಬಿಗಿಹಿಡಿದು ಕೂತಿರುತ್ತಾರಂತೆ. ಈಗ ಅಲ್ಲಿ ಹತ್ತು ಜನ ಮುಂದಿರುವಾಗಲೇ ಫೋನಿಗೆ ಮೆಸೇಜು ಬರುತ್ತದೆ. ಕುರ್ಚಿಯಲ್ಲಿ ಕೂತು ಯೋಚಿಸುವವನಿಗೆ ಇದು ಹೊಳೆಯುತ್ತಿತ್ತೇ?

ಹೋಟೆಲಿನ ಬಿಲ್ಲಿಂಗಿಗಾಗಿ ವಾರವಿಡೀ ಸಪ್ಲೈ ಮಾಡಿದರು. "ಒಂದು ಕಾಫಿ ಅಂತ ಯಾರೂ ಕೇಳಲ್ಲ ಮಾರಾಯ್ತಿ, ಎಲ್ಲಾ ಬೈಟೂನೇ" ಅಂತ ಪರದೆ ಮೇಲೆ ಬೈಟು ಬಟನ್ನನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಇಟ್ಟರು. ಓನರ್ ಎಷ್ಟು ಮೆಚ್ಚಿದರೆಂದರೆ, "ಸಾಫ್ಟ್‌ವೇರ್ ಇರ್ಲಿ ಸ್ವಾಮಿ, ನೀವು ಸಪ್ಲೈಗೆ ಪರ್ಮನೆಂಟಾಗಿ ಬರ್ತೀರಾ?" ಅಂದರಂತೆ. ಅತ್ತೆಗೆ ಮೈಯೆಲ್ಲಾ ಉರಿ. "ಊರಿಗೆಲ್ಲ ತಟ್ಟೆ ಎತ್ತುತ್ತಾರೆ, ಮನೇಲಿ ತಮ್ಮ ಲೋಟ ತಾವು ಎತ್ತಲ್ಲ!"

ಆಮೇಲೆ ಎರಕ ಪರೀಕ್ಷಿಸುವ ಪ್ರೋಗ್ರಾಂ ಕೇಳಿಕೊಂಡು ಬಂತು ಮಾಚೇನಹಳ್ಳಿಯ ಫೌಂಡ್ರಿ. ಅಲ್ಲೊಬ್ಬ ಹಿರಿಯ ಕೆಲಸಗಾರರು ಎರಕದ ತುಂಡಿಗೆ ಸುತ್ತಿಗೆ ತಾಗಿಸಿ, ಸದ್ದು ಕೇಳಿಯೇ ಬಿರುಕು ಹೇಳುತ್ತಿದ್ದರು. ಮಾವ ಇಪ್ಪತ್ತು ದಿನ ಅವರ ಪಕ್ಕ ಕೂತು ಬಡಿದರು. ಅದೇ ಚಟ ಹತ್ತಿತು. ಸಂತೆಯಲ್ಲಿ ತೆಂಗಿನಕಾಯಿ, ಮನೆಯಲ್ಲಿ ಅತ್ತೆಯ ಬಾಣಲೆ, ಯಾವುದನ್ನೂ ಬಿಡಲಿಲ್ಲ. ಒಂದು ಭಾನುವಾರ ನನ್ನ ತಲೆಗೂ ಬೆರಳಿನಿಂದ ಟಕ್ ಅನ್ನಿಸಿ ಕಿವಿಗೊಟ್ಟರು.

"ಬಿರುಕಿಲ್ಲ. ಆದ್ರೆ ಒಳಗೇನೋ ಸದ್ದು ಮಾಡ್ತಿದೆಯಲ್ಲ ಮಾರಾಯ್ತಿ?"

ಸದ್ದು ಮಾಡುತ್ತಿದ್ದದ್ದು ನನ್ನ ಕೆಲಸದ ಚಿಂತೆ. ಅಪ್ಪ, ಅಮ್ಮ ಎರಡೂ ಕಡೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಮಾವನದು ಡಿಪ್ಲೊಮಾ ಅಷ್ಟೇ. ಈ ಮಾತನ್ನು ಅವರೆದುರು ಆಗಾಗ ಹೇಳುತ್ತಲೂ ಇರುತ್ತೇನೆ! ಆದರೆ ಆರು ಕಂಪನಿಗೆ ಬಯೋಡೇಟಾ ಕಳಿಸಿ ಒಂದರಿಂದಲೂ ಉತ್ತರ ಬಂದಿರಲಿಲ್ಲ. ಶಿವಮೊಗ್ಗದಲ್ಲೇ ಇರುವ ಏಳನೇ ಕಂಪನಿಗೆ ಅರ್ಜಿ ಹಾಕಲು ಹತ್ತು ದಿನ ಉಳಿದಿತ್ತು. ಅದೂ ಆಗದಿದ್ದರೆ ಡಿಗ್ರಿಯನ್ನು ಟ್ರಂಕಿಗೆ ಹಾಕಿ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುವುದು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು.

ಮಾವ ನನ್ನ ಬಯೋಡೇಟಾ ಓದಿದರು.

"ಹಾರ್ಡ್ ವರ್ಕಿಂಗ್ ಅಂತ ಹಾಕಿದೀಯಲ್ಲ, ಏನು ಕಷ್ಟಪಟ್ಟೆ?"

"ಗೊತ್ತಿಲ್ಲ ಮಾವ. ಸೀನಿಯರ್ ಒಬ್ಳದು ನೋಡಿ ಬರ್ಕೊಂಡೆ."

"ಹಂಗಾದ್ರೆ ಕಷ್ಟಪಟ್ಟಿದ್ದು ಅವಳು! ಬಿಡು, ನಾನು ಬರೀತೀನಿ. ಒಂದು ವಾರ ಟೈಮ್ ಕೊಡು."

ಒಂದು ವಾರ ಅಂದಾಗಲೇ ನನಗೆ ಅವರ ವ್ರತ ನೆನಪಾಗಬೇಕಿತ್ತು!

ಸೋಮವಾರ ಬೆಳಗಾಗುವಷ್ಟರಲ್ಲಿ ಐವತ್ತೆರಡು ವರ್ಷದ ಮಾವ ಭದ್ರಾವತಿಯ ನಮ್ಮ ಬಾಗಿಲಲ್ಲಿ ನಿಂತಿದ್ದರು. ಬೆನ್ನಿಗೆ ಹಿಂದಿನ ದಿನವೇ ಕೇಳಿ ಒಯ್ದಿದ್ದ ನನ್ನ ಹಳೇ ಕಾಲೇಜು ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬಿ. "ನಡಿ, ಶಿವಮೊಗ್ಗಕ್ಕೆ ಕಾಲೇಜಿಗೆ ಯಾವ ಬಸ್ಸಲ್ಲಿ ಹೋಗ್ತಿದ್ದೆ ತೋರ್ಸು." ಬಸ್ಸು ಎಂದಿನಂತೆ ಕಿಕ್ಕಿರಿದಿತ್ತು. "ಹಿಂದೆ ಖಾಲಿ ಇದೆ, ಒಳಗೆ ಹೋಗಿ, ಒಳಗೆ ಹೋಗಿ" ಅಂತ ಕಂಡಕ್ಟರ್ ಕೂಗುತ್ತಿದ್ದ.

"ಎಲ್ಲಪ್ಪಾ ಖಾಲಿ? ಸೋಗಾನೆ ಏರ್‌ಪೋರ್ಟಿಗೆ ವಿಮಾನ ಬಂದ್ರೂ ನಿನ್ನ ಬಸ್ಸಲ್ಲಿ ನನ್ನ ಎರಡನೇ ಕಾಲಿಗೆ ಜಾಗ ಬಂದಿಲ್ವಲ್ಲೋ!" ಅಂದರು ಮಾವ. ಬಸ್ಸೆಲ್ಲ ನಕ್ಕಿತು. ನಾನು ಮಾತ್ರ ಅವರು ಯಾರೋ ಎಂಬಂತೆ ಕಿಟಕಿ ಕಡೆ ತಿರುಗಿದೆ.

ಹೀಗೆ ಶನಿವಾರದವರೆಗೂ, ಹೋಗುತ್ತಾ ಬರುತ್ತಾ, ನಿಂತೇ! ಸಂಜೆ ನಮ್ಮ ಮನೆಯಲ್ಲಿ ನಾನು ಓದುತ್ತಿದ್ದ ಜಾಗದಲ್ಲಿ ಕೂರುತ್ತಿದ್ದರು. ಅಮ್ಮನ ಹೊಲಿಗೆ ಮಿಷನ್ನಿನ ಮರದ ಮುಚ್ಚಳವನ್ನು ನೆಲಕ್ಕಿಟ್ಟರೆ ಅದೇ ನನ್ನ ಮೇಜು.

"ಕುರ್ಚಿ ಮೇಲೆ ಕೂತ್ಕೊಳೋ, ಕಾಲು ಊದಿದೆ" ಅಂದಳು ಅಮ್ಮ.

"ಇರಕ್ಕ, ಡ್ಯೂಟೀಲಿದೀನಿ."

ಶನಿವಾರ ಸಂಜೆ ಕೇಳಿದರು: "ಕಂಪ್ಯೂಟರ್ ಎಲ್ಲಿಟ್ಕೊಳ್ತಿದ್ದೆ?"

"ಇರ್ಲಿಲ್ಲ."

"ಮತ್ತೆ ಪ್ರಾಜೆಕ್ಟು?"

ಮಂಚದ ಕೆಳಗಿಂದ ಹನ್ನೊಂದು ನೋಟ್‌ಬುಕ್ ಎಳೆದು ತಂದೆ. ಯಾರಿಗೂ ತೋರಿಸಿರಲಿಲ್ಲ, ನಾಚಿಕೆ. ಪೆನ್ಸಿಲಿನಲ್ಲಿ ಪ್ರೋಗ್ರಾಂ ಬರೆದು, ಒಂದೊಂದು ಸಾಲನ್ನೂ ತಲೆಯಲ್ಲೇ ಓಡಿಸಿ, ತಪ್ಪಿದ್ದರೆ ರಬ್ಬರಿನಲ್ಲಿ ಒರೆಸಿ, ಮಾರನೇ ದಿನ ಕಾಲೇಜಿನ ಲ್ಯಾಬಿನಲ್ಲಿ ಸಿಗುವ ಒಂದು ಗಂಟೆಯಲ್ಲಿ ಟೈಪ್ ಮಾಡುವುದು. ನಾಲ್ಕು ವರ್ಷ ನಾನು ಮಾಡಿದ್ದು ಅಷ್ಟೇ. ಅದನ್ನೆಲ್ಲ ಬಯೋಡೇಟಾದಲ್ಲಿ ಯಾರಾದರೂ ಬರೆಯುತ್ತಾರೆಯೇ?

ಮಾವ ಒಂದೊಂದೇ ಪುಟ ತಿರುವಿದರು. ಎರಡು ನೋಟ್‌ಬುಕ್ ಮುಗಿದ ಮೇಲೆ ಖುಷಿಯಿಂದ, "ಇಲ್ಲೊಂದು ತಪ್ಪಿದೆ!" ಅಂದರು.

"ಮುಂದಿನ ಪುಟದಲ್ಲಿ ಸರಿ ಮಾಡಿದೀನಿ ಮಾವ."

ತಿರುವಿದರು. ಸರಿಯಾಗಿತ್ತು. ನೋಟ್‌ಬುಕ್ ಮುಚ್ಚಿದರು.

"ನನ್ನ ರೂಮಲ್ಲಿ ಮೂರು ಕಂಪ್ಯೂಟರ್ ಇದ್ವಲ್ಲೇ. ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ಲ."

ಅಮ್ಮನ ಮಿಷನ್ ನಿಂತಿತು. ಮಾವ ಮುಚ್ಚಳದ ಮೇಲೆ ಕೈಯಾಡಿಸಿದರು. "ಊರವರ ಕೆಲ್ಸ ಎಲ್ಲ ಹೋಗಿ ಮಾಡಿ ನೋಡ್ದೆ ಅಕ್ಕ. ಇಲ್ಲಿಗೆ ಒಂದು ದಿನ ಬಂದು ಕೂರ್ಲಿಲ್ಲ" ಅಂದರು.

ಬಯೋಡೇಟಾ ಅರ್ಧ ಪುಟಕ್ಕಿಳಿಯಿತು. ಹಾರ್ಡ್ ವರ್ಕಿಂಗ್ ಹೋಗಿ, ಆ ಜಾಗದಲ್ಲಿ ಹನ್ನೊಂದು ನೋಟ್‌ಬುಕ್ ಬಂತು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಮೇಡಂ ಅದೇ ಸಾಲಿಗೆ ಬೆರಳಿಟ್ಟು, ಒಂದು ಲೆಕ್ಕ ಹೇಳಿ, ಹಾಳೆ ಪೆನ್ಸಿಲು ಮುಂದಿಟ್ಟರು. ಬರೆದೆ. ಅವರೇ ಟೈಪ್ ಮಾಡಿದರು. ಒಂದೇ ಸಲಕ್ಕೆ ಓಡಿತು!

"ಸಿಕ್ತು ಮಾವ" ಅಂತ ಫೋನ್ ಮಾಡಿದರೆ, "ಯಾವತ್ತಿಂದ?" ಅಂದರು. "ಸೋಮವಾರ" ಅಂದೆ. ಮೂಗು ಒರೆಸಿದ ಸದ್ದು ಕೇಳಿತು, ಫೋನ್ ಕಟ್ಟಾಯಿತು.

ಸೋಮವಾರ ಭದ್ರಾವತಿ ಸ್ಟ್ಯಾಂಡಿಗೆ ಬಂದರೆ ಬಸ್ಸು ಆಗಲೇ ತುಂಬಿತ್ತು. ಬ್ಯಾಗು ಎದೆಗವಚಿಕೊಂಡು ನುಗ್ಗುತ್ತಿದ್ದೆ. ಒಳಗಿಂದ ಕೂಗು ಕೇಳಿತು. "ಏಯ್ ಪುಟ್ಟೀ, ಇಲ್ಲಿ!" ಶಿವಮೊಗ್ಗದಿಂದ ಮೊದಲ ಬಸ್ಸು ಹಿಡಿದು ಬಂದಿದ್ದ ಮಾವ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಸಿ, ಮೂರು ಜನರೊಂದಿಗೆ ಜಗಳವಾಡುತ್ತಾ ಕಾವಲು ನಿಂತಿದ್ದರು.

ಕೂತೆ. ಆ ಬಸ್ಸಿನಲ್ಲಿ ಅದೇ ಮೊದಲ ಸಲ.

"ಸರೀತೀನಿ, ನೀವೂ ಕೂತ್ಕೊಳ್ಳಿ ಮಾವ."

ಮಾವ ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೇಡ ಕಣೆ. ನೀನು ನಾಲ್ಕು ವರ್ಷ ನಿಂತಿದೀಯ. ನಂದು ಇವತ್ತಿಗೆ ಏಳನೇ ದಿನ."