ಫೋನಿನೊಳಗಿನ ಬಾಣ

ನಿರ್ಧಾರ ತೆಗೆದುಕೊಳ್ಳುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಅದು ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು. ಅದನ್ನು ನನ್ನ ಹೆಂಡತಿ ಶೈಲಜ ನನಗಿಂತ ಮೊದಲೇ ಕಂಡುಹಿಡಿದಿರುತ್ತಾಳೆ. ಫುಟ್‌ಬಾಲ್ ವಿಶ್ವಕಪ್ಪಿಗೆ ಮುಂಚಿನ ಬೇಸಿಗೆಯಲ್ಲಿ, ಮೆಟ್ರೋ ಇಳಿದ ಪ್ರೇಕ್ಷಕರಿಗೆ ಕ್ರೀಡಾಂಗಣದ ದಾರಿ ತೋರಿಸುವ ಆ್ಯಪ್ ಹೇಗಿರಬೇಕೆಂದು ಕೊಲ್ಲಿ ದೇಶದಲ್ಲಿ, ವೆಸ್ಟ್ ಬೇ ಬಡಾವಣೆಯ ನಮ್ಮ ಆಫೀಸಿನಲ್ಲಿ ಚರ್ಚೆ ಎದ್ದಿತು. ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಎಆರ್ ಎಂದೆ. ಬಾಣ ಕಂಡರೆ ಸಾಕು, ಜನ ಕಣ್ಣುಮುಚ್ಚಿಕೊಂಡು ಅದರ ಹಿಂದೆ ಹೋಗುತ್ತಾರೆ ಎಂದೂ ಸೇರಿಸಿದೆ. ಪಕ್ಕದ ಕುರ್ಚಿಯ ಉಡುಪಿಯ ಲ್ಯಾನ್ಸಿ ಮಾತ್ರ ಎಕ್ಸ್‌ಆರ್ ಎಂದ.

ಎಆರ್ ಎಂದರೆ, ಫೋನಿನ ಕ್ಯಾಮೆರಾ ಹಿಡಿದರೆ ಎದುರಿನ ನಿಜವಾದ ರಸ್ತೆಯ ಮೇಲೆ ಬಾಣವೊಂದು ಮೂಡುವುದು. ಎಕ್ಸ್‌ಆರ್ ಎನ್ನುವುದು ಈ ಬಾಣವೂ ಸೇರಿದಂತೆ ಇಂಥ ಮಾಯೆಗಳಿಗೆಲ್ಲ ಒಟ್ಟು ಹೆಸರು. ಲ್ಯಾನ್ಸಿ ಅದಕ್ಕಾಗಿ ಜನರ ಮುಖಕ್ಕೆ ದಪ್ಪ ಕನ್ನಡಕವೊಂದನ್ನು ಕಟ್ಟಿಸುವವನಿದ್ದ. ಅಲ್ ರಯ್ಯಾನ್‌ನಲ್ಲಿರುವ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಶೈಲಜಳಿಗೆ ಇದನ್ನೆಲ್ಲ ವಿವರಿಸಿದೆ.

"ಅಂದ್ರೆ ಅವರದ್ದು ಪೂರ್ತಿ ಊಟ, ನಿಮ್ಮದು ಬರೀ ತುಪ್ಪ. ಊಟದೊಳಗೇ ತುಪ್ಪ ಬರುತ್ತಲ್ರೀ, ಮತ್ತೆ ಜಗಳ ಯಾಕೆ?" ಎಂದಳು.

ಐದು ಮೀಟಿಂಗುಗಳಲ್ಲಿ ಯಾರಿಗೂ ಹೊಳೆಯದ ಮಾತು. ಆದರೆ ಅಷ್ಟು ಹೊತ್ತಿಗೆ ನಾನು ಮೈಸೂರಿನ ಅತ್ತೆಯವರಿಗೆ, ವಿಶ್ವಕಪ್ಪಿಗೆ ಬಂದವರಿಗೆಲ್ಲ ದಾರಿ ತೋರಿಸುವುದು ನಿಮ್ಮ ಅಳಿಯನ ಬಾಣವೇ ಎಂದು ಮಾತು ಕೊಟ್ಟಾಗಿತ್ತು. ಅವರು ಅದನ್ನು ಭಜನಾ ಮಂಡಳಿಯಲ್ಲಿ ಸಾರಿಯೂ ಆಗಿತ್ತು. ಆ ಮಂಡಳಿಯ ಮುಂದೆ ಅತ್ತೆಯ ಮಾನ ಹೋದರೆ ಏನು ಗತಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಿತ್ತು.

ಆಫೀಸಿನ ಕಾರಿಡಾರಿನಲ್ಲಿ ನನ್ನ ಬಾಣ, ಲ್ಯಾನ್ಸಿಯ ಕನ್ನಡಕ ಎರಡೂ ಸೊಗಸಾಗಿ ನಡೆದವು. ನಮ್ಮಲ್ಲಿ ಎಸಿ ಎಷ್ಟು ಜೋರೆಂದರೆ ಆಗಸ್ಟಿನಲ್ಲೂ ನಾನು ಸ್ವೆಟರ್ ಹಾಕಿಕೊಂಡೇ ಕೋಡ್ ಬರೆಯುತ್ತಿದ್ದೆ. ಹೊರಗೆ ಬಿಸಿಲೆಂಬುದೊಂದಿದೆ ಎಂದು ಸ್ವೆಟರ್ ಹಾಕಿದವನಿಗೆ ನೆನಪಾಗುವುದು ಕಷ್ಟ. ಒಂದು ಮಧ್ಯಾಹ್ನ ನಮ್ಮ ಈಜಿಪ್ಟಿನ ಮ್ಯಾನೇಜರ್ "ಯಲ್ಲಾ", ನಡೆಯಿರಿ, ಎಂದು ಇಬ್ಬರನ್ನೂ ರಸ್ತೆಗೆ ಕರೆದೊಯ್ದರು. ಬಾಗಿಲು ದಾಟಿದ್ದೇ ತಡ, ಲ್ಯಾನ್ಸಿಯ ಕನ್ನಡಕಕ್ಕೆ ಹಬೆ ಕಟ್ಟಿತು. "ಎಂಥದೂ ಕಾಣುದಿಲ್ಲ ಮಾರಾಯ!" ಎನ್ನುತ್ತ ಅವನು ದೀಪದ ಕಂಬವನ್ನು ತಬ್ಬಿಕೊಂಡ. ಗೆದ್ದೆ ಎಂದುಕೊಂಡು ನಾನು ಫೋನ್ ಎತ್ತಿದೆ. ಬಾಣ ಮೂಡಿತು, ಹತ್ತು ಹೆಜ್ಜೆ ನಡೆಸಿತು. ಆಮೇಲೆ, ಫೋನ್ ಕಾದಿದೆ, ತಣ್ಣಗಾಗುವವರೆಗೆ ಕಾಯಿರಿ ಎಂಬ ಸೂಚನೆ ತೋರಿಸಿ ಪರದೆ ಕಪ್ಪಾಯಿತು. ಪಂದ್ಯಗಳಿರುವುದು ನವೆಂಬರಿನಲ್ಲಿ, ಆಗ ತಂಪಿರುತ್ತದೆ ಎಂದು ವಾದಿಸಿದೆ. ಇಂದಿಗೂ ನನ್ನ ವಾದ ಅದೇ. ಮ್ಯಾನೇಜರ್ ಹಣೆ ಒರೆಸಿಕೊಂಡು "ಖಲಾಸ್" ಎಂದವರೇ ಒಳಗೆ ಹೋಗಿಬಿಟ್ಟರು. ಬಾಣ, ಕನ್ನಡಕ ಎರಡೂ ಅಲ್ಲಿಗೇ ನಿಂತವು.

ವಿಶ್ವಕಪ್ ಬಂತು. ನಾನೂ ಲ್ಯಾನ್ಸಿಯೂ ಸ್ವಯಂಸೇವಕರಾಗಿ ಹೆಸರು ಕೊಟ್ಟೆವು. ಮೆಟ್ರೋ ನಿಲ್ದಾಣದ ಹೊರಗೆ ಅವನಿಗೆ ಮೈಕು ಕೊಟ್ಟರು. ನನ್ನ ಕೈಗೆ, ಕ್ರೀಡಾಂಗಣದ ದಿಕ್ಕು ತೋರಿಸಲೆಂದು, ತೋರುಬೆರಳು ಚಾಚಿದ ಸ್ಪಂಜಿನ ದೊಡ್ಡ ಹಸ್ತವೊಂದನ್ನು ತೊಡಿಸಿದರು. ಅದೇ ಸಂಜೆ ಅತ್ತೆಯವರ ವಿಡಿಯೋ ಕರೆ ಬಂತು. ಅವರ ಬೆನ್ನ ಹಿಂದೆ ಇಡೀ ಭಜನಾ ಮಂಡಳಿ.

"ಅಳಿಯಂದ್ರೇ, ಫೋನಿನೊಳಗೆ ಬಾಣ ಬರುತ್ತೆ ಅಂದಿದ್ರಲ್ಲ?"

ಮುಖಕ್ಕೆ ಬೆಳಕು ಬೀಳಲೆಂದು ತಿರುಗಿ ನಿಂತು, ಸ್ಪಂಜಿನ ಬೆರಳನ್ನು ಕ್ಯಾಮೆರಾಕ್ಕೆ ಕಾಣುವಂತೆ ಚಾಚಿದೆ. "ಬಂದಿದೆ ನೋಡಿ ಅತ್ತೆ. ನಿಮ್ಮ ಫೋನಿನೊಳಗೆ ಕಾಣ್ತಿದೆ ತಾನೇ?"

"ಕಾಣ್ತಿದೆ, ಕಾಣ್ತಿದೆ!" ಎಂದರು ಅತ್ತೆ. ಮಂಡಳಿ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಲ್ಯಾನ್ಸಿ ಮೈಕಿನಲ್ಲೇ ಕೂಗಿದ: "ಕೈ ಇಳಿಸು ಮಾರಾಯ! ಜನ ಎಲ್ಲ ಪಾರ್ಕಿಂಗಿಗೆ ಹೋಗ್ತಾ ಇದ್ದಾರೆ!"

ಬಾಣ ಕಂಡರೆ ಹೋಗುತ್ತಾರೆಂದು ನಾನು ಮೊದಲ ಮೀಟಿಂಗಿನಲ್ಲೇ ಹೇಳಿದ್ದೆ.