ಭಾವನ ಗುಂಪುಗಾರಿಕೆ

ನಮ್ಮ ಭಾವನ ಜೊತೆ ನೀವು ಎಲ್ಲಿಗೆ ಬೇಕಾದರೂ ಹೋಗಿ, ನಾಲ್ಕು ಜನ ಸೇರುವ ಕಡೆಗೆ ಮಾತ್ರ ಹೋಗಬೇಡಿ! ಮೂವರಿರುವ ತನಕ ಅವರೂ ನಮ್ಮ ನಿಮ್ಮಂಥ ಮನುಷ್ಯರೇ. ಕಾಫಿ ಕುಡಿಯುತ್ತಾರೆ, ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ನಾಲ್ಕನೆಯವರು ಬಂದು ಕೂತರೋ, ಮುಗಿಯಿತು. ಹೆಗಲ ಚೀಲದಿಂದ ಒಂದು ಕಟ್ಟು ಕಾರ್ಡು ಹೊರಬರುತ್ತದೆ. "ಹಂಗಾರೆ, ಇಬ್ಬಿಬ್ರು ಒಂದೊಂದ್ ಗುಂಪಾಗ್ಬುಡಿ!"

ಭಾವ ಎಂದರೆ ನನ್ನ ಅಕ್ಕನ ಗಂಡ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾಗಿ ಬಟವಾಡಿಯಲ್ಲಿ ನೆಲೆಸಿದವರು. ನಿವೃತ್ತರಾದವರೆಲ್ಲ ವಾಕಿಂಗ್ ಶುರು ಮಾಡಿದರೆ, ಇವರು ಬೆಂಗಳೂರಿಗೆ ಹೋಗಿ ಹವಾಮಾನ ಬದಲಾವಣೆಯ ಕಾರ್ಯಾಗಾರವೊಂದರಲ್ಲಿ ಕೂತು ಬಂದರು. ಅಲ್ಲಿ ಭಾಷಣವೇ ಇರಲಿಲ್ಲವಂತೆ. ಮೇಜಿನ ಮೇಲೆ ಕಾರ್ಡು ಹರಡಿ, ಯಾವುದರಿಂದ ಯಾವುದು ಆಗುತ್ತದೆ ಅಂತ ಗುಂಪಿನವರೆಲ್ಲ ಸೇರಿ, ಕಿತ್ತಾಡಿ, ಜೋಡಿಸಬೇಕಂತೆ.

"ಇಷ್ಟ್ ವರ್ಷ ನಾನ್ ಬಾಯ್ ಬಡ್ಕಂಡೆ, ಒಬ್ನೂ ಕಲೀಲಿಲ್ಲ. ಅಲ್ಲಿ ಹೇಳ್ಕೊಡೋನು ಬಾಯೇ ಬುಡ್ಲಿಲ್ಲ, ಎಲ್ರೂ ಕಲ್ತ್ಬುಟ್ರು!" ಎಂದು ಭಾವ ಕಣ್ಣರಳಿಸಿ ಹೇಳಿದರು.

"ಹಂಗಾರೆ ಮನೇಲೂ ಬಾಯ್ ಬುಡ್ಬೇಡಿ, ನಾವೂ ಕಲ್ತ್ಕತೀವಿ" ಎಂದಳು ಅಕ್ಕ.

ಭಾವ ತಮ್ಮದೇ ಕಾರ್ಡು ತಯಾರಿಸಿದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಚಿತ್ರ ಬರೆದರು. ಕಾರ್ಖಾನೆಯ ಹೊಗೆ, ಕರಗುವ ಹಿಮ, ಉಕ್ಕುವ ಸಮುದ್ರ, ಹಿಮಕರಡಿ. ಇಷ್ಟು ವರ್ಷ ಡ್ರಾಯಿಂಗ್ ಕಲಿಸಿದವರ ಹಿಮಕರಡಿ ಹೇಗಿರಬೇಕು? ಸುಣ್ಣ ಬಳಿದ ಎಮ್ಮೆಯ ಹಾಗಿತ್ತು! ನಾನು ಹಾಗೆಂದಿದ್ದಕ್ಕೆ, "ಎಮ್ಮೆ ಅಂದ್ಕಂಡ್ರೇ ಒಳ್ಳೇದು. ನಮ್ ಕಡೆ ಜನಕ್ಕೆ ಅದ್ರ್ ಮೇಲೇ ಪ್ರೀತಿ ಜಾಸ್ತಿ" ಎಂದು ನನ್ನ ಬಾಯಿ ಮುಚ್ಚಿಸಿದರು.

ಕುಣಿಗಲ್ಲಿನಲ್ಲಿ ನಮ್ಮ ನೆಂಟರ ಮದುವೆ. ಎರಡನೇ ಪಂಕ್ತಿಗೆ ಕಾಯುತ್ತಿದ್ದವರನ್ನೆಲ್ಲ ಭಾವ ಕುರ್ಚಿ ತಿರುಗಿಸಿ ಕೂರಿಸಿದರು. ಗಂಡಿನ ಕಡೆಯವರದೊಂದು ಗುಂಪು, ಹೆಣ್ಣಿನ ಕಡೆಯವರದೊಂದು. ಕಾಡು ಕಡಿದಿದ್ದಕ್ಕೆ ಬಿಸಿಲು ಹೆಚ್ಚಿತೋ, ಬಿಸಿಲು ಹೆಚ್ಚಿದ್ದಕ್ಕೆ ಕಾಡು ಒಣಗಿತೋ ಎಂಬಲ್ಲಿ ಶುರುವಾದ ಮಾತು ವರೋಪಚಾರದ ತನಕ ಬಂತು. ಅಷ್ಟರಲ್ಲಿ ಹಿರಿಯರೊಬ್ಬರು ಕೈಲಿದ್ದ ಕಾರ್ಡನ್ನು ತಿರುಗಿಸಿ ನೋಡಿ ಹೌಹಾರಿದರು.

"ಏನ್ರೀ ಇದು? ನನ್ ಮಗನ್ ಮದ್ವೆ ಪತ್ರಿಕೆ! ಹಿಂದ್ಗಡೆ ಹಿಮ ಕರಗ್ತಾ ಅದೆ!"

"ಹೌದು ಸ್ವಾಮಿ, ನೀವೇ ಬಂದು ಕೊಟ್ಟಿದ್ರಿ."

"ಮಗನ್ ಸಂಸಾರನ ನೀರ್ ಮಾಡ್ಬುಟ್ರಲ್ರೀ!"

ಸದ್ಯ, ಒಳಗಿನಿಂದ ಯಾರೋ "ಎಲೆ ಹಾಕವ್ರೆ" ಎಂದು ಕೂಗಿದರು. ಭೂಮಿಯನ್ನು ಅಲ್ಲೇ ಬಿಟ್ಟು ಎರಡೂ ಕಡೆಯವರು ಓಡಿದರು.

ಗುಬ್ಬಿಗೆ ಹೋಗುವ ಬಸ್ಸಿನಲ್ಲೂ ಅಷ್ಟೆ. ಮುಂದಿನ ಸೀಟಿನವರನ್ನು ಹಿಂದಕ್ಕೆ ತಿರುಗಿಸಿದರು, ಹಿಂದಿನವರನ್ನು ಮುಂದಕ್ಕೆ ಬಗ್ಗಿಸಿದರು. ಪಾಪದ ಹೆಂಗಸೊಬ್ಬಳ ಮಡಿಲಲ್ಲಿದ್ದ ಹೂವಿನ ಬುಟ್ಟಿಯೇ ಮೇಜಾಯಿತು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜೋರಾಗಿ ಕೂಗಿದ: "ರೀ, ಇಂಗಾಲ ಯಾರ್ರೀ? ಇಂಗಾಲ ಇನ್ನೂ ಟಿಕೆಟ್ ತಗಂಡಿಲ್ಲ!" ಕಿಟಕಿ ಪಕ್ಕದ ಮುದುಕರೊಬ್ಬರು ಇಂಗಾಲದ ಕಾರ್ಡು ಹಿಡಿದ ಕೈಯನ್ನು ಮೆಲ್ಲಗೆ ಎತ್ತಿದರು. ಇಳಿಯುವಾಗ ಗೊತ್ತಾಯಿತು, ವಾದದ ಭರಾಟೆಯಲ್ಲಿ ನಮ್ಮ ಸ್ಟಾಪು ಆಗಲೇ ಹಿಂದಕ್ಕೆ ಹೋಗಿತ್ತು. ನಡೆದು ವಾಪಸ್ ಬರುವಾಗ ಭಾವ, "ಡೀಸೆಲ್ ಉಳೀತು ನೋಡು" ಎಂದರು!

ಇಂಥವರ ಜೊತೆ ಹೋದ ತಿಂಗಳು ಕೋರ ಎಂಬ ಊರಿಗೆ ಹೋಗಬೇಕಾಯಿತು. ಅಲ್ಲಿನ ಮಹಿಳಾ ಸಂಘದವರು ಕರೆದಿದ್ದರು. ಹೌದು, ತಾವಾಗಿಯೇ ಕರೆದಿದ್ದರು! "ದಾರೀಲಿ ಇನ್ಯಾರನ್ನೂ ಗುಂಪ್ ಮಾಡ್ದಂಗ್ ನೋಡ್ಕೊ" ಎಂದು ಅಕ್ಕ ನನ್ನನ್ನು ಕಾವಲಿಗೆ ಕಳಿಸಿದಳು.

ಸಮುದಾಯ ಭವನದಲ್ಲಿ ಚಾಪೆ ಹಾಸಿದ್ದರು. ಹೆಂಗಸರು ಹಿಮಕರಡಿಯನ್ನು ನೋಡಿ, ಎಷ್ಟು ಹಾಲು ಕೊಡುತ್ತೆ ಅಂತ ಕೇಳಿ ಬಿದ್ದುಬಿದ್ದು ನಕ್ಕರು. ಆಮೇಲೆ ಕೆಲಸಕ್ಕೆ ಕೂತರು. ತೆಂಗಿನ ತೋಟದ ಒಡತಿ, ಗಟ್ಟಿ ದನಿಯ ಅಜ್ಜಿಯೊಬ್ಬರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಗೆಯ ಕಾರ್ಡು ಹಿಡಿದಿದ್ದರು.

"ಇದನ್ನ ಕೆಟ್ಟದ್ರ್ ಪಕ್ಕ ಮಡಗು ಅಂತಾಳೆ ಈ ಪಕ್ಕದೋಳು. ನನ್ ಸೊಸೆ ವಸಂತನರಸಾಪುರದ ಫ್ಯಾಕ್ಟ್ರಿಗೆ ಹೋಗ್ತಾಳೆ. ಮನೆಗ್ ಅಕ್ಕಿ ಬರೋದು ಇದ್ರಿಂದ್ಲೇ ಕಣೇ!"

"ನಿನ್ ತೆಂಗಿನ್ ಹೀಚು ಉದ್ರೋದೂ ಇದ್ರಿಂದ್ಲೇ ಕಣಜ್ಜಿ" ಎಂದಳು ಪಕ್ಕದವಳು.

ಅಜ್ಜಿ ಕಾರ್ಡನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸಿ ಕೊನೆಗೆ ನಡುಮಧ್ಯೆ ಇಟ್ಟರು. ಭಾವ ಖುಷಿಯಿಂದ ಕುಣಿಯುವುದೊಂದು ಬಾಕಿ. ಹೀಗೆ ಸರಪಣಿಯೆಲ್ಲ ಜೋಡಣೆಯಾಗಿ, ಚಾಪೆಯ ತುಂಬ ಬಿಸಿಲು, ಬರ, ನೆರೆ ಹರಡಿಕೊಂಡಾಗ, ಎಲ್ಲರೂ ಬಗ್ಗಿ ಅದನ್ನೇ ನೋಡತೊಡಗಿದರು. ಮಗು ಮಾತ್ರ ಸಮುದ್ರವನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಅಜ್ಜಿ ಅದನ್ನು ಬಿಡಿಸಿ ತೆಗೆದು, ತಲೆ ಎತ್ತಿ ಕೇಳಿದರು.

"ಮೇಷ್ಟ್ರೇ, ಇವ್ಳು ನನ್ ವಯಸ್ಸಿಗ್ ಬರೋ ಹೊತ್ಗೆ ಹೆಂಗಿರ್ತದೆ?"

ಭಾವ ಕನ್ನಡಕ ತೆಗೆದರು. ಪಂಚೆಯ ತುದಿಯಲ್ಲಿ ಒರೆಸಿದರು.

"ಗೊತ್ತಿಲ್ಲ ಕಣಮ್ಮ" ಎಂದರು. "ಇದನ್ನೆಲ್ಲ ತಿಳ್ಕಂಡಾಗ್ನಿಂದ ನಂಗೂ ಭಯ. ಒಬ್ನೇ ಕೂತ್ಕಂಡ್ ಹೆದ್ರೋಕಾಗಲ್ಲ. ಅದ್ಕೇ ಹೋದ್ ಹೋದ್ ಕಡೆ ಜನಾನ ಕೂರಿಸ್ಕತೀನಿ."

ಅಕ್ಕನ ಗಂಡನನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ. ಆ ದನಿಯನ್ನು ಮಾತ್ರ ಅಂದೇ ಮೊದಲು ಕೇಳಿದ್ದು.

ಅಜ್ಜಿ ಸ್ವಲ್ಪ ಪಕ್ಕಕ್ಕೆ ಸರಿದರು. ಚಾಪೆಯ ಮೇಲೆ ಅಂಗೈಯಗಲ ಜಾಗ ಮಾಡಿ ತಟ್ಟಿದರು.

"ಮತ್ ಅಲ್ಲ್ಯಾಕ್ ಒಬ್ರೇ ನಿಂತಿದ್ದೀರಿ? ಬನ್ನಿ, ನಮ್ ಗುಂಪ್ನಾಗ್ ಕೂತ್ಕಳಿ."

ಭಾವ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತರು. ಅಜ್ಜಿ ಏನೂ ಕೇಳದೆ ಮಗುವನ್ನೆತ್ತಿ ಅವರ ತೊಡೆಯ ಮೇಲೆ ಕೂರಿಸಿದರು.