ಸುಡದ ಚಾರ್ಜರ್

ಬೆಳಿಗ್ಗೆ ಆಫೀಸಿಗೆ ಬರುವ ದಾರಿಯಲ್ಲಿ ಹುಷಾರಪ್ಪನ ಕಾರಿನಲ್ಲಿದ್ದ ಫೋನ್ ಚಾರ್ಜರ್ ಚಿಟ್ ಎಂದು, ಮೇಣದಂತೆ ಬಾಗಿ, ನಾರತೊಡಗಿತು. ಬೇರೆ ದಿನವಾಗಿದ್ದರೆ ಕಿತ್ತೆಸೆದು ಸುಮ್ಮನಾಗುತ್ತಿದ್ದ. ಇವತ್ತು ಸಂಜೆಯೊಳಗೆ ಹೆಡ್ ಆಫೀಸಿನ ದೊಡ್ಡ ಸಾಹೇಬರು ಫೋನ್ ಮಾಡಿ, ಖಾಲಿಯಿರುವ ಮ್ಯಾನೇಜರ್ ಕುರ್ಚಿ ಬೇಕೇ ಎಂದು ಕೇಳುವವರಿದ್ದರು. ಅವರು ಒಮ್ಮೆ ಮಾತ್ರ ಕೇಳುತ್ತಾರೆ. ಉತ್ತರ ಬರದಿದ್ದರೆ ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ.

ಫೋನಿನ ಚಾರ್ಜು ಆಗಲೇ ತಳ ಮುಟ್ಟುತ್ತಿತ್ತು; ಆಫೀಸಿನಲ್ಲಿ ಚಾರ್ಜಿಗೆ ಹಾಕುವಂತಿರಲಿಲ್ಲ. ಅದು ವಾಹನ ವಿಮೆಯ ಆಫೀಸು. ಸುಟ್ಟ ಕಾರುಗಳನ್ನು ನೋಡಿ ನೋಡಿ ಹೆದರಿದ್ದ ಹಿಂದಿನ ಮ್ಯಾನೇಜರ್, ಖಾಲಿ ಪ್ಲಗ್ಗುಗಳ ಬಾಯಿಗೆಲ್ಲ ಟೇಪು ಅಂಟಿಸಿ ನಿವೃತ್ತರಾಗಿದ್ದರು. ಅದನ್ನು ಕೀಳುವಷ್ಟು ಧೈರ್ಯವಿರುವ ಒಂದು ಉಗುರೂ ಆ ಆಫೀಸಿನಲ್ಲಿರಲಿಲ್ಲ.

"ಕಾರಿಗೆ ಯಾವ ಚಾರ್ಜರ್ ತಗೊಳ್ಳಲಿ?" ಎಂದು ಹುಷಾರಪ್ಪ ಕೇಳಿದ್ದೇ ತಡ, ಕುರ್ಚಿಗಳೆಲ್ಲ ಅವನತ್ತ ತಿರುಗಿದವು.

"ಕಪ್ಪು ಡಬ್ಬೀದು ಮಾತ್ರ ಬೇಡಪ್ಪ," ಎಂದಳು ಟೈಪಿಸ್ಟ್ ಅಕ್ಕ. "ಆ ಹಲ್ಲಿನ ಡಾಕ್ಟ್ರ ಕಾರು ಅದರಿಂದಲೇ ಹೋಗಿದ್ದು. ಸೀಟಲ್ಲಿ ಸ್ಪ್ರಿಂಗ್ ಮಾತ್ರ ಉಳಿದಿತ್ತು."

"ಕೆಂಪು ಡಬ್ಬೀದು?"

"ಅದರ ಫೋಟೋ ನೋಡ್ತೀಯಾ?" ಎಂದ ಭಸ್ಮ. ಬೂದಿ ಮೂಸಿ ಚಾರ್ಜರ್ ಯಾವ ಕಂಪನಿಯದೆಂದು ಹೇಳುತ್ತಿದ್ದುದರಿಂದ ಅವನಿಗೆ ಆ ಹೆಸರು. ಸುಟ್ಟ ಕಾರುಗಳ ಚಿತ್ರಗಳನ್ನೆಲ್ಲ ಹುಷಾರಪ್ಪನ ಫೋನಿಗೇ ಕಳಿಸಿ, ಅದರಲ್ಲೇ ದೊಡ್ಡದು ಮಾಡಿ ತೋರಿಸಿದ. ಇದ್ದಬದ್ದ ಚಾರ್ಜೂ ಕರಗಿ, ಒಂದು ಗೆರೆಯಷ್ಟೇ ಉಳಿಯಿತು.

ಈ ಜನ ಚಾರ್ಜರನ್ನು ಕಂಡದ್ದೆಲ್ಲ ಅದು ಸತ್ತ ಮೇಲೆ. ಬದುಕಿರುವಾಗ ಅದು ಮಾಡುವ ಕೆಲಸವೇನು ಎಂದು ಯಾರೂ ಯೋಚಿಸಿರಲಿಲ್ಲ. ಹುಷಾರಪ್ಪನೂ ಅಷ್ಟೆ.

"ಹಸಿರು ಡಬ್ಬೀದು ತಗೋ," ಎಂದು ಕೊನೆಗೆ ಭಸ್ಮ ತೀರ್ಪು ಕೊಟ್ಟ. "ನನ್ನ ಸರ್ವೀಸಲ್ಲೇ ಅದರ ಮೇಲೆ ಕ್ಲೇಮು ಬಂದಿಲ್ಲ."

"ಒಂದೂ?"

"ಒಂದೂ ಇಲ್ಲ ಕಣಯ್ಯಾ."

ವಿಮೆಯವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿಲ್ಲ.

ಮಧ್ಯಾಹ್ನ ಹುಷಾರಪ್ಪ ಹಸಿರು ಡಬ್ಬಿ ಕೊಂಡು, ಊರಾಚೆ ಸುಟ್ಟು ನಿಂತಿದ್ದ ವ್ಯಾನೊಂದನ್ನು ನೋಡಲು ಹೊರಟ. ಹೊಸ ಚಾರ್ಜರ್ ಸಿಕ್ಕಿಸಿ ಫೋನ್ ಜೋಡಿಸಿದೊಡನೆ ನೀಲಿ ದೀಪ ಹತ್ತಿತು. ಮದುವೆ ಚಪ್ಪರದಷ್ಟು ಝಗಮಗ. ಮುಟ್ಟಿ ನೋಡಿದ: ಕೊಳದ ಕಲ್ಲಿನಷ್ಟು ತಣ್ಣಗಿತ್ತು. ಸುರಕ್ಷತೆ ಎಂದರೆ ಇದು ಎಂದುಕೊಂಡ.

ವಾಪಸು ಬರುವಾಗ ಫೋನ್ ಬಡಿದುಕೊಂಡಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎತ್ತಿದ.

"ಆ ಕುರ್ಚಿ ಬೇಕೇನ್ರೀ ನಿಮಗೆ?" ಎಂದರು ದೊಡ್ಡ ಸಾಹೇಬರು.

ಪರದೆ ಕಪ್ಪಾಯಿತು.

"ಬೇಕು ಸಾರ್," ಎಂದು ಹುಷಾರಪ್ಪ ಆ ಕಪ್ಪು ಗಾಜಿಗೆ ಹೇಳಿದ. ನೀಲಿ ದೀಪ ನಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕುರ್ಚಿಯಲ್ಲಿ ಭಸ್ಮ ಕೂತಿದ್ದ.

"ಅದು ಚಾರ್ಜೇ ಮಾಡಲ್ಲ ಕಣೋ," ಎಂದ ಹುಷಾರಪ್ಪ. "ಬರೀ ಲೈಟು."

"ಓಹೋ, ಅದಕ್ಕೇ ಕ್ಲೇಮು ಬಂದಿಲ್ಲ." ಭಸ್ಮನಿಗೆ ಹಳೆಯ ಒಗಟು ಬಿಡಿಸಿದ ಸಮಾಧಾನ. "ಕರೆಂಟ್ ಹರಿದ್ರೆ ತಾನೇ ಸುಡೋದು."

ಕೂತಲ್ಲಿಂದಲೇ ಟೈಪಿಸ್ಟ್ ಅಕ್ಕನನ್ನು ಕರೆದ. "ಇನ್ಮೇಲೆ ನಮ್ಮವರೆಲ್ಲ ಕಾರಲ್ಲಿ ಹಸಿರು ಡಬ್ಬೀದನ್ನೇ ಇಟ್ಕೋಬೇಕು. ಕಡ್ಡಾಯ."

ಆಮೇಲೆ ಹುಷಾರಪ್ಪನತ್ತ ತಿರುಗಿದ. "ಬಳಸಿ ನೋಡಿದವನು ನೀನೊಬ್ಬನೇ. ಎಲ್ಲರಿಗೂ ಕೇಳೋ ಹಾಗೆ ಹೇಳು. ಬಿಸಿ ಆಯ್ತಾ?"

"ಇಲ್ಲ."

"ಇಲ್ಲ...?" ಎಂದು ಭಸ್ಮ ಮ್ಯಾನೇಜರ್ ಕುರ್ಚಿಯ ತೋಳು ತಟ್ಟಿದ.

"ಇಲ್ಲ, ಸಾರ್," ಎಂದ ಹುಷಾರಪ್ಪ.